ಮೊಮ್ಮಗಳ ಹೆಸರಿನ ಬೋರ್ಡು

ಉಗಾಂಡಾದ ಕಂಪಾಲಾದಿಂದ ನಮ್ಮ ದೇಶದವರನ್ನೆಲ್ಲ ಹೊರಹಾಕಿದ ವರ್ಷ ನನ್ನ ಮಗಳ ಮಗಳು ಒಂದೇ ಪೆಟ್ಟಿಗೆ ಹಿಡಿದುಕೊಂಡು ನಾಶಿಕದ ನಮ್ಮ ಹೋಟೆಲಿಗೆ ಬಂದಳು. ಆ ದಿನ ಬಂದ ಗಿರಾಕಿಗಳಿಗೆಲ್ಲ ನಾನು ಶಿರಾ ಪುಕ್ಕಟೆ ಹಂಚಿದೆ. ಮೂರನೇ ಕ್ಲಾಸು ದಾಟದ ನನಗೆ, ಇಂಗ್ಲೆಂಡಿನಲ್ಲಿ ಕಾನೂನು ಓದಿ ಆಫ್ರಿಕಾದ ಕೋರ್ಟಿನಲ್ಲಿ ಮೂರು ವರ್ಷ ವಾದಿಸಿದ ಮೊಮ್ಮಗಳು. ಎಷ್ಟು ಜನರಿಗೆ ಹೇಳಿದರೂ ಸಾಲದು.

ಆದರೆ ಇಲ್ಲಿ ಅವಳು ವಕೀಲಳೇ ಅಲ್ಲವಂತೆ. ಹಿರಿಯ ವಕೀಲರೊಬ್ಬರ ಕೈಕೆಳಗೆ ಒಂದು ವರ್ಷ ಕಲಿತು ಹೊಸದಾಗಿ ಸನದು, ಅಂದರೆ ವಕೀಲಿಯ ಪರವಾನಗಿ, ಪಡೆಯಬೇಕು. ಕಲಿಸಲು ಯಾರೂ ತಯಾರಿಲ್ಲ. ಒಬ್ಬರು ಮರಾಠಿ ಬರುವುದಿಲ್ಲವಲ್ಲ ಎಂದರು. ಇನ್ನೊಬ್ಬರು, "ವಾದಿಸಿ ಅಭ್ಯಾಸ ಇರುವವಳು ನನ್ನ ಕಾಗದ ಹೊರುತ್ತಾಳಾ?" ಎಂದರು. ಮೂರನೆಯವರು ಅರ್ಜಿಯನ್ನೇ ಓದದೆ ಮದುವೆ ಯಾವಾಗ ಎಂದು ಕೇಳಿದರು. ನನಗೆ ತಲೆ ಕೆಟ್ಟುಹೋಯಿತು. ಕೊನೆಗೆ, ದಿನಾ ಬೆಳಿಗ್ಗೆ ನಮ್ಮಲ್ಲಿ ಇಡ್ಲಿ ತಿನ್ನುವ ವಕೀಲರು, "ಸೋಮವಾರದಿಂದ ಕಳಿಸಿ, ಆಜಿ" ಎಂದರು. ಮರಾಠಿಯವರಿಗೆ ಅಜ್ಜಿ ಎಂದರೆ ಆಜಿ.

ನಮ್ಮ ಹೋಟೆಲಿನವರಲ್ಲಿ ಒಲೆ ಹೊತ್ತಿಸುವ ಮೊದಲು ಬೋರ್ಡು ಏರಬೇಕು. ಭಾನುವಾರವೇ ಪೇಂಟರನಿಂದ ಮರಾಠಿಯಲ್ಲಿ ಅವಳ ಹೆಸರು, ಕೆಳಗೆ 'ವಕೀಲ' ಎಂದು ಬರೆಸಿದೆ. ಸೋಮವಾರ ಅವಳು ಏಳುವ ಮೊದಲೇ ಬಾಗಿಲ ಮೇಲೆ ತೂಗುಹಾಕಿಸಿದೆ. ಇಡ್ಲಿಗೆ ಬಂದ ವಕೀಲರು ಹೊಸ್ತಿಲ ಹೊರಗೇ ನಿಂತರು.

"ಇದೇನು ಆಜಿ? ಸನದಿಲ್ಲದೆ ವಕೀಲ ಅಂತ ಬರೆಸಿಕೊಂಡವರನ್ನ ಇಟ್ಟುಕೊಂಡರೆ ನನಗೇ ತೊಂದರೆ."

"ಅವಳಿಗೆ ಗೊತ್ತೇ ಇಲ್ಲ ಸಾಹೇಬ್ರೇ. ನಾನು ಬರೆಸಿದ್ದು."

"ಅದನ್ನ ಕೋರ್ಟಿನಲ್ಲಿ ಒಬ್ಬೊಬ್ಬರಿಗೂ ಹೇಳುತ್ತಾ ಕೂರಲಾ?"

ಇಡ್ಲಿ ತಿನ್ನದೆ ಹೋದರು. ಮೊಮ್ಮಗಳು ಸ್ಟೂಲು ಹತ್ತಿ ತಾನೇ ಬೋರ್ಡು ಇಳಿಸಿದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. "ಇನ್ನು ನಾಶಿಕದಲ್ಲಿ ಯಾರೂ ನನ್ನ ತಕೊಳ್ಳುದಿಲ್ಲ ಅಮ್ಮಮ್ಮ" ಎಂದಳು, ಅಷ್ಟೇ.

ಹತ್ತಿರದ ಕೋರ್ಟಿನ ಊರೆಂದು ಉಳಿದದ್ದು ಔರಂಗಾಬಾದ್. ಅಲ್ಲಿಯ ವಯಸ್ಸಾದ ವಕೀಲರೊಬ್ಬರಿಗೆ ಅರ್ಜಿ ಬರೆದಳು; ಬಂದು ಕಾಣಿ ಎಂದು ಉತ್ತರ ಬಂತು. ನಾನೂ ಹೊರಟೆ. ಬಸ್ಸು ಅರ್ಧ ದಾರಿಯ ಯೇವಲಾ ದಾಟುವವರೆಗೂ, "ಅಲ್ಲಿ ನೀವು ಎಂತ ಮಾತಾಡ್ಬೇಡಿ" ಎಂದು ಹೇಳುತ್ತಲೇ ಇದ್ದಳು.

ಅವರು ಕೇಳಿದ ಮೊದಲ ಪ್ರಶ್ನೆಯೇ, "ನಾಶಿಕದಲ್ಲಿ ಯಾಕೆ ಆಗಲಿಲ್ಲ?"

"ಸನದು ಸಿಗುವ ಮೊದಲೇ ಬೋರ್ಡು ಹಾಕಿದ್ದಾಯ್ತು ಸರ್. ತಪ್ಪು ನನ್ನದು" ಎಂದಳು.

ನನ್ನ ಬಾಯಿ ಎಲ್ಲಿ ನಿಲ್ಲುತ್ತದೆ? "ಸುಳ್ಳು ಹೇಳ್ತಾಳೆ. ಬೋರ್ಡು ನನ್ನದು. ಹೋಟೆಲಿನವಳ ಬುದ್ಧಿ" ಎಂದೆ.

ಅವರು ನಗಲಿಲ್ಲ. ಇಬ್ಬರನ್ನೂ ನೋಡಿ ಅವಳಿಗೆ ಹೇಳಿದರು, "ಕೋರ್ಟಿನಲ್ಲಿ ಒಂದು ವರ್ಷ ನನ್ನ ಹಿಂದೆ ಕೂರಬೇಕು. ಬಾಯಿ ಬಿಡುವಂತಿಲ್ಲ. ಅಜ್ಜಿಯನ್ನು ಕರೆತರುವಂತಿಲ್ಲ. ಆಗುತ್ತದಾ?"

"ಆಗ್ತದೆ."

ಮೂರು ವರ್ಷ ಕೋರ್ಟಿನಲ್ಲಿ ಮಾತಾಡಿದ ಹುಡುಗಿ ಬಾಯಿ ಮುಚ್ಚಿ ಕೂರಬೇಕಾಯಿತಲ್ಲ ಎಂದು ನನಗೆ ಈಗಲೂ ಮೈ ಉರಿಯುತ್ತದೆ. ಆದರೂ ವಾಪಸು ಬರುವಾಗ ಬಸ್ಸಿನ ಕಂಡಕ್ಟರಿಗೂ ಹೇಳಿಬಿಟ್ಟೆ, ಮೊಮ್ಮಗಳಿಗೆ ಜಾಗ ಸಿಕ್ಕಿತೆಂದು. ಬೋರ್ಡನ್ನು ತೆಂಗಿನಕಾಯಿ ಪೆಟ್ಟಿಗೆಗೆ ಮುಚ್ಚಳ ಮಾಡಿದೆ, ಹೆಸರು ಒಳಬದಿಗೆ. ಆ ಒಂದು ವರ್ಷ, ಕಾಯಿ ತೆಗೆಯುವಾಗೆಲ್ಲ ಒಮ್ಮೆ ಓದಿ ಮತ್ತೆ ಮುಚ್ಚುತ್ತಿದ್ದೆ.