ಹಳ್ಳದ ಬಂಡೆಯಿಂದ ಗರಗಸದ ಗುಂಡಿಗೆ

"ಆಗಂಗಿಲ್ಲ ಬಿಡೇ ಹುಡುಗಿ" ಎಂದವರು ನನ್ನ ದೊಡ್ಡಪ್ಪ. ನಾನು ಡಿಗ್ರಿ ಮುಗಿಸುವುದೂ ಆಗುವುದಿಲ್ಲ, ಕಾನಿನೊಳಗೆ, ಆ ದಟ್ಟ ಕಾಡಿನಲ್ಲಿ, ಅವರ ಹಳೇ ಗರಗಸದ ಗುಂಡಿ ಸಿಗುವುದೂ ಆಗುವುದಿಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ, ಬಾಯಲ್ಲಿದ್ದ ಎಲೆಯಡಿಕೆ ಕವಳ ಉಗಿಯಲು ಎದ್ದು ಹೋದರು.

ಮೊದಲನೆಯದಕ್ಕೆ ಅವರನ್ನು ದೂರುವಂತಿರಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರೇ ಇರಲಿಲ್ಲ. ನಾನು ಹತ್ತಿದೆ, ಇಂಗ್ಲಿಷಿನಲ್ಲಿ ಎರಡು ಸಲ ಬಿದ್ದೆ, ನಡುವೆ ಒಂದು ವರ್ಷ ಗಾರ್ಮೆಂಟ್ಸ್ ಕೆಲಸಕ್ಕೆ ಹೋದೆ, ಮತ್ತೆ ತೊಗರ್ಸಿಯಿಂದ ಶಿಕಾರಿಪುರದ ಬಸ್ಸು ಹಿಡಿದೆ. ಕೊನೆಯ ವರ್ಷ ಇತಿಹಾಸದ ಪ್ರಾಜೆಕ್ಟ್ ಬರೆಯಬೇಕಿತ್ತು. ಸೊರಬದ ಕಡೆಯ ಕಾಡಿನಲ್ಲಿ ಹಿಂದೆ ನಡೆಯುತ್ತಿದ್ದ, ಮರ ಕಡಿದು ಕುಯ್ಯುವ ನಾಟಾ ಕೆಲಸದ ಬಗ್ಗೆ ನಾಲ್ಕು ಹಾಳೆ ಬರೆದುಕೊಟ್ಟೆ. ಮೇಷ್ಟ್ರು ಓದಿ ನೋಡಿದರು.

"ಮನೆಯೋರು ಹೇಳಿದ್ದಷ್ಟೇ ಸಾಲಲ್ಲಮ್ಮ. ಕಾಡಲ್ಲಿ ಏನಾದ್ರೂ ಉಳಿದಿದ್ರೆ ನೀನೇ ಹೋಗಿ ನೋಡಿ, ಫೋಟೋ ಹಚ್ಚಿಕೊಂಡು ಬಾ. ಇಲ್ಲಾಂದ್ರೆ ನಾನು ಸಹಿ ಹಾಕಲ್ಲ."

ಸಹಿ ಇಲ್ಲದಿದ್ದರೆ ಆ ವರ್ಷವೂ ಡಿಗ್ರಿ ಇಲ್ಲ. ಇನ್ನೊಂದು ವರ್ಷ ಓದುತ್ತೇನೆ ಎಂದು ಮನೆಯಲ್ಲಿ ಕೇಳುವ ಮುಖ ನನಗಿರಲಿಲ್ಲ.

ಅಪ್ಪ, ದೊಡ್ಡಪ್ಪ ಇಬ್ಬರೂ ಹರೆಯದಲ್ಲಿ ಕೂಪಿನಲ್ಲಿ, ಅಂದರೆ ಮರ ಕಡಿಯಲು ಸರ್ಕಾರ ಗೊತ್ತು ಮಾಡಿಕೊಟ್ಟ ಕಾಡಿನಲ್ಲಿ, ಮರ ಕುಯ್ದವರು. ಉದ್ದನೆಯ ಗುಂಡಿ ತೋಡಿ, ಅದರ ಮೇಲೆ ದಿಮ್ಮಿ ಉರುಳಿಸಿ, ಒಬ್ಬ ಮೇಲೆ ಒಬ್ಬ ಕೆಳಗೆ ನಿಂತು ಆಳುದ್ದದ ಗರಗಸ ಎಳೆಯುವ ಕೆಲಸ. ಕುಯ್ಯಬೇಕಾದ ಕಡೆ ಮಸಿ ದಾರದಿಂದ ಹೊಡೆದ ಗೆರೆ ಕಾಣುವುದು ಮೇಲಿನವನಿಗೆ, ಮರದ ಹೊಟ್ಟು ಬೀಳುವುದು ಕೆಳಗಿನವನ ಕಣ್ಣಿಗೆ. ದೊಡ್ಡಪ್ಪ ಮೇಲೆ, ಅಪ್ಪ ಕೆಳಗೆ. "ಗೆರೆ ಸರಿ ಐತೇನಣ್ಣ?" ಎಂದು ಅಪ್ಪ ಗುಂಡಿಯಿಂದ ಕೂಗಬೇಕು, "ಸರಿ ಐತಿ, ಎಳಿ" ಎಂದು ದೊಡ್ಡಪ್ಪ ಮೇಲಿನಿಂದ ಹೇಳಬೇಕು. ನಾನು ಹುಟ್ಟುವ ಹೊತ್ತಿಗೆ ಆ ಕೆಲಸ ನಿಂತಿತ್ತು. ಗರಗಸ ಮಾತ್ರ ಹಿತ್ತಲ ಗೋಡೆಯಲ್ಲಿ ನೇತಾಡುತ್ತಿತ್ತು. ಬೆರಳಿನಿಂದ ತಟ್ಟಿದರೆ ಬಹಳ ಹೊತ್ತು ಗುಂಯ್ ಎನ್ನುತ್ತಿತ್ತು. ಹಬ್ಬದ ಊಟ ಮುಗಿದ ಮೇಲೆ ಅಣ್ಣ ತಮ್ಮ ಇಬ್ಬರೂ ಆ ಕೂಗು ಕೂಗಿ ತೋರಿಸಿ ಮಕ್ಕಳನ್ನೆಲ್ಲ ನಗಿಸುತ್ತಿದ್ದರು.

ಫಾರೆಸ್ಟ್ ಆಫೀಸಿನಲ್ಲಿ ಒಪ್ಪಿಗೆ ಕೇಳಿಕೊಂಡು ಒಂದು ಭಾನುವಾರ ಅಪ್ಪನ ಕೈ ಹಿಡಿದುಕೊಂಡು ಹೊರಟೆ. ದೊಡ್ಡಪ್ಪನೂ ಬಂದರು. "ಇಲ್ಲ ಅಂತ ತೋರ್ಸಾಕಾದ್ರೂ ಬರ್ಬೇಕಲ್ಲ" ಎಂಬುದು ಅವರ ನೆಪ.

ಕಾನಿನ ಅಂಚಿನಲ್ಲಿ ಗಾಡಿ ಜಾಡು ಸಿಕ್ಕಿತು. ನಾಟಾ ಗಾಡಿಗಳ ಚಕ್ರ ಕೊರೆದ ಎರಡು ತಗ್ಗು, ನಡುವೆ ಹುಲ್ಲು. ಸ್ವಲ್ಪ ದೂರ ಹೋಗಿ ಅದೂ ಎಲೆಯಡಿ ಕಾಣದಾಯಿತು. ದೊಡ್ಡಪ್ಪ ಕೋಲೆತ್ತಿ, "ಇಲ್ಲೊಂದು ದೊಡ್ಡ ಹೊನ್ನೆ ಮರ ಸಿಗ್ಬೇಕು. ಅಲ್ಲಿಂದ ಎಡಕ್ಕೆ ಹೋದ್ರೆ ನಂದಿ ಮರ" ಎನ್ನುತ್ತ ಮುಂದೆ ನಡೆದರು. ಒಂದು ಗಂಟೆ ಸುತ್ತಿದೆವು. ಹೊನ್ನೆಯೂ ಇಲ್ಲ, ನಂದಿಯೂ ಇಲ್ಲ. ಇದ್ದಕ್ಕಿದ್ದಂತೆ ಅಪ್ಪ ನಕ್ಕುಬಿಟ್ಟ.

"ಅಣ್ಣಾ, ಆ ಮರ ಕುಯ್ದೋರು ನಾವೇ ಅಲ್ಲೇನು?"

ದೊಡ್ಡಪ್ಪ ಕೋಲು ಇಳಿಸಿ ಅಲ್ಲೇ ಕೂತರು. "ಹೇಳಿದ್ನಲ್ಲ ಆಗಂಗಿಲ್ಲ ಅಂತ. ಹಾದಿ ತೋರ್ಸೋ ಮರನೆಲ್ಲ ಹಲಗಿ ಮಾಡಿ ಕಳಿಸೀವಿ."

ನನಗೆ ಅಳು ಬಂತು. ನೀರು ಕುಡಿಯುವ ನೆಪದಲ್ಲಿ ಮುಖ ತಿರುಗಿಸಿದೆ. ಅಪ್ಪನ ಕಣ್ಣು ಆಗಲೇ ಪೂರ್ತಿ ಮಸುಕು, ನನ್ನ ಮುಖ ಕಾಣುವಂತಿರಲಿಲ್ಲ. ಆದರೂ ಗೊತ್ತಾಯಿತೇನೋ. "ನನ್ನನ್ನ ಹಳ್ಳಕ್ಕೆ ಕರ್ಕೊಂಡು ಹೋಗು ಮಗಾ" ಎಂದ.

ಹಳ್ಳದ ದಂಡೆಯಲ್ಲಿ ಚಪ್ಪಟೆ ಬಂಡೆಯೊಂದನ್ನು ನನ್ನಿಂದ ಹುಡುಕಿಸಿದ. ಅದರ ಮೇಲೆ ನಿಂತು ನೀರಿಗೆ ಬೆನ್ನು ಮಾಡಿದ.

"ಕಣ್ಣಿಗೆ ಹೊಟ್ಟು ತುಂಬಿದಾಗೆಲ್ಲ ಗುಂಡಿಯಿಂದ ಎದ್ದು ಇಲ್ಲಿಗೆ ಬಂದು ತೊಳ್ಕೊಂತಿದ್ದೆ. ದಿನಕ್ಕೆ ಐದಾರು ಸಲ. ಕಣ್ಣು ಮುಚ್ಕೊಂಡೇ ಬರ್ತಿದ್ದೆ. ಎಂಬತ್ತು ಹೆಜ್ಜಿ, ನೆಟ್ಟಗೆ."

ಹಾಗೆಂದವನೇ ಏರಿನತ್ತ ನಡೆಯತೊಡಗಿದ. ನಾನು ಕೈ ಚಾಚಿದರೆ ಬೇಡವೆಂದ. ಮುಳ್ಳು, ಪೊದೆ ಸರಿಸುವುದಷ್ಟೇ ನನ್ನ ಕೆಲಸವಾಯಿತು. ಎಂಬತ್ತಕ್ಕೆ ನಿಂತ. ಕಾಲಡಿಯಲ್ಲಿ ಬರೀ ಎಲೆ. ಅಪ್ಪನ ಮುಖ ಸಣ್ಣದಾಯಿತು. ಅಷ್ಟರಲ್ಲಿ ಹಿಂದಿನಿಂದ ದೊಡ್ಡಪ್ಪನ ದನಿ:

"ಅದು ಹರೇದ ಹೆಜ್ಜಿ ಕಣೋ. ಈಗಿಂದು ಮುದುಕನ ಹೆಜ್ಜಿ. ಇನ್ನೂ ಹಾಕು!"

ನೂರು ದಾಟಿತು. ಇನ್ನು ಹತ್ತು ಹನ್ನೆರಡು ಹೆಜ್ಜೆ ಇಟ್ಟಿರಬೇಕು, ಅಪ್ಪನ ಕಾಲು ಮೊಣಕಾಲ ತನಕ ಎಲೆಯೊಳಗೆ ಇಳಿಯಿತು.

ಮೂವರೂ ಕೈಯಿಂದ ಎಲೆ ಎಳೆದು ಹಾಕಿದೆವು. ಗುಂಡಿ ಅರ್ಧ ಮುಚ್ಚಿಹೋಗಿತ್ತು. ದಿಮ್ಮಿಗೆ ಆಸರೆ ಕೊಟ್ಟ ಕಲ್ಲುಗಳು ಮಾತ್ರ ಎರಡೂ ಬದಿಗೆ ಹಾಗೇ ಇದ್ದವು. ಅಪ್ಪ ಒಳಗಿಳಿದು ಗೋಡೆ ತಡವಿದ. ಅಲ್ಲೊಂದು ಸಣ್ಣ ಗೂಡು. ಅದರೊಳಗಿಂದ ತುಕ್ಕು ಹಿಡಿದ ಕಬ್ಬಿಣದ ಬೆಣೆ ಹೊರಗೆ ಬಂತು. ಕುಯ್ದ ಸೀಳು ಮುಚ್ಚಿಕೊಳ್ಳದಂತೆ ಬಡಿಯುವ ಬೆಣೆ.

"ಕಳ್ದು ಹೋತು ಅಂದಿದ್ಯಲ್ಲೋ!" ದೊಡ್ಡಪ್ಪ ಕೂಗಿದರು.

"ಅವತ್ತು ನೀನು ಬೈದಿದ್ಯಲ್ಲ, ಅದಕ್ಕೆ ಬಚ್ಚಿಟ್ಟಿದ್ದೆ."

ದೊಡ್ಡಪ್ಪ ಕೋಲು ಪಕ್ಕಕ್ಕಿಟ್ಟರು. ಗುಂಡಿಯ ಅಂಚಿನ ಕಲ್ಲಿನ ಮೇಲೆ ಕೂತು ಕೆಳಗೆ ನೋಡುತ್ತಿದ್ದರು. ಒಬ್ಬರು ಮೇಲೆ, ಒಬ್ಬರು ಕೆಳಗೆ; ಹಾಗೇ ಇಬ್ಬರ ಫೋಟೋ ತೆಗೆದೆ. ಪ್ರಾಜೆಕ್ಟಿನ ಮೊದಲ ಹಾಳೆಗೆ ನಾನು ಹಚ್ಚಿದ್ದು ಆ ಫೋಟೋವನ್ನೇ. ಹೊರಡುವಾಗ ಅಪ್ಪ ಬೆಣೆಯನ್ನು ಮತ್ತೆ ಗೂಡಿನಲ್ಲೇ ಇಟ್ಟ. ಈಗಲೂ ಅಲ್ಲೇ ಇದ್ದೀತು. ಸೊರಬದ ಬಸ್ಸಿನಲ್ಲಿ ಆ ಕಾನು ದಾಟುವಾಗಲೆಲ್ಲ ನನ್ನ ಕಣ್ಣು ತಾನಾಗಿ ಹಳ್ಳದ ಕಡೆಗೆ ಹೋಗುತ್ತದೆ.

ಮೇಷ್ಟ್ರು ಫೋಟೋ ನೋಡಿ ಸಹಿ ಹಾಕಿದರು.

ಕಾಲೇಜಿನಲ್ಲಿ ಸರ್ಟಿಫಿಕೇಟ್ ಕೈಗೆ ಬಂದ ದಿನ, ರಶ್ಶಿನ ಬಸ್ಸಿನಲ್ಲಿ ಮಡಿಕೆ ಬೀಳದ ಹಾಗೆ ಎದೆಗೆ ಒತ್ತಿಕೊಂಡು ಊರಿಗೆ ತಂದೆ. ಅಪ್ಪನ ಕೈಗೆ ಕೊಟ್ಟೆ. ಅಪ್ಪ ಅದರ ನಾಲ್ಕೂ ಅಂಚನ್ನು ಬೆರಳಿನಿಂದ ಸವರಿ, ಜಗಲಿಯಲ್ಲಿ ಪಕ್ಕಕ್ಕೇ ಕೂತಿದ್ದ ದೊಡ್ಡಪ್ಪನ ಕಡೆ ಚಾಚಿದ.

"ಗೆರೆ ಸರಿ ಐತೇನಣ್ಣ?"

ದೊಡ್ಡಪ್ಪ ಕನ್ನಡಕ ಹಾಕಿಕೊಂಡರು. ನಾಲ್ಕನೇ ಕ್ಲಾಸಿನ ಓದು ಅವರದು. ನನ್ನ ಹೆಸರನ್ನು ಅಕ್ಷರ ಅಕ್ಷರ ಕೂಡಿಸಿ ಓದಿದರು, ಇನ್ನೊಂದು ಸಲ ಓದಿದರು.

"ಸರಿ ಐತಿ. ಇಷ್ಟಕ್ಕೇ ನಿಲ್ಲಿಸ್ಬ್ಯಾಡ ಅನ್ನು ಅವಳಿಗೆ. ಎಳೀಲಿ."