ಬಿರುಗಾಳಿ ಖಾಲಿ ಗಾಡಿಯಲ್ಲಿ ಮರಳಿದ್ದು

ಆ ಆಂಬುಲೆನ್ಸ್ ಠಾಣೆಯ ಒಂಬತ್ತು ಡ್ರೈವರುಗಳಲ್ಲಿ ಎಂಟು ಮಂದಿಯನ್ನು ಅಪ್ಪ ಅಮ್ಮ ಇಟ್ಟ ಹೆಸರಿನಿಂದಲೇ ಕರೆಯುತ್ತಿದ್ದರು. ಒಂಬತ್ತನೆಯವನಿಗೂ ಅಂಥದೊಂದು ಹೆಸರಿತ್ತು, ಆದರೆ ಅದು ಸಂಬಳದ ಚೀಟಿಯಲ್ಲಿ ಮಾತ್ರ ಉಸಿರಾಡುತ್ತಿತ್ತು. ಉಳಿದೆಲ್ಲ ಕಡೆ ಅವನು ಬಿರುಗಾಳಿ. ಇಪ್ಪತ್ತಾರು ವರ್ಷದ ಸೇವೆ, ಐವತ್ನಾಲ್ಕರ ಪ್ರಾಯ, ಊರಿನ ಯಾವ ಮೂಲೆಯಿಂದಾದರೂ ದೊಡ್ಡಾಸ್ಪತ್ರೆಗೆ ಹನ್ನೊಂದು ನಿಮಿಷ. ಈ ಬಗ್ಗೆ ಅವನು ಬಡಾಯಿ ಕೊಚ್ಚುತ್ತಿರಲಿಲ್ಲ. ಆ ಕೆಲಸವನ್ನು ಉಳಿದ ಎಂಟು ಮಂದಿಗೆ ವಹಿಸಿಕೊಟ್ಟು, ಅವರು ತಪ್ಪಿದಾಗ ಮಾತ್ರ ತಿದ್ದುತ್ತಿದ್ದ: "ಹನ್ನೊಂದಲ್ಲಪ್ಪ, ಹತ್ತೂವರೆ."

ರಸ್ತೆಯ ಉಬ್ಬುಗಳನ್ನು ಅವನು ನೆಂಟರಿಷ್ಟರಂತೆ ಬಲ್ಲ. ಯಾವುದು ಮೆಲ್ಲಗೆ ಬೆನ್ನು ಸವರುತ್ತದೆ, ಯಾವುದು ಸುಮ್ಮನಿದ್ದು ಹಿಂದಿನಿಂದ ಗುದ್ದುತ್ತದೆ, ಯಾವುದಕ್ಕೆ ದೂರದಿಂದಲೇ ಕೈಮುಗಿದು ಪಕ್ಕದ ಬೀದಿಗೆ ತಿರುಗಬೇಕು, ಎಲ್ಲವೂ ಅವನ ಕಾಲಿನ ಹೆಬ್ಬೆರಳಿಗೆ ಬಾಯಿಪಾಠ. ಸೈರನ್ ಹಾಕಿಕೊಂಡು ಅವನು ಹೊರಟರೆ ಬಸ್ಸುಗಳು ಸರಿಯುತ್ತಿದ್ದವು, ಟ್ರಾಫಿಕ್ ಪೊಲೀಸರು ಚಹಾ ಲೋಟ ಕೆಳಗಿಡುತ್ತಿದ್ದರು. ಇಂಥ ಚಕ್ರವರ್ತಿಯ ರಾಜ್ಯಕ್ಕೆ ಕುತ್ತು ತಂದದ್ದು ಒಂದು ಹಾಳೆಯ ಸುತ್ತೋಲೆ.

ಸುತ್ತೋಲೆಯನ್ನು ಓದಿ ಹೇಳಲು ತರಬೇತಿ ಅಧಿಕಾರಿಣಿಯೇ ಬಂದಿದ್ದರು. ಮೆತ್ತನೆ ದನಿಯ, ಗಿಡ್ಡ ಮೈಕಟ್ಟಿನ ಹೆಂಗಸು. ಠಾಣೆಯ ಊಟದ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ನರೆತ ತಲೆಯ ಒಂಬತ್ತು ಮಂದಿಯನ್ನು ಒಂದನೇ ಕ್ಲಾಸಿನ ಮಕ್ಕಳಂತೆ ಕೂರಿಸಿದರು.

"ನಮಗೆ ಬರೋ ಹತ್ತು ಕರೆಯಲ್ಲಿ ಆರಕ್ಕೆ ಆಸ್ಪತ್ರೆಯೇ ಬೇಕಾಗಿಲ್ಲ. ಆದ್ರೂ ಕರ್ಕೊಂಡು ಹೋಗ್ತೀವಿ. ಅವರು ಬೆಂಚಿನ ಮೇಲೆ ಐದು ಗಂಟೆ ಕೂತು, ಬೆನ್ನುನೋವು ಹೊಸದಾಗಿ ತಗೊಂಡು ವಾಪಸ್ ಬರ್ತಾರೆ. ನಿಜವಾಗ್ಲೂ ಜೀವ ಹೋಗ್ತಿರೋರು ನಮ್ಮ ಗಾಡಿಗೆ ಕಾಯ್ತಾ ಇರ್ತಾರೆ. ಇನ್ಮೇಲೆ ನಾವು ಬರೀ ಸಾಗಿಸೋರಲ್ಲ. ಮನೇಲೇ ನೋಡಿ, ಮನೇಲೇ ಸರಿಮಾಡಿ ಬರಬೇಕು. ಡ್ರೈವರ್ ಕೂಡ ಆರೈಕೆಯವನೇ."

"ಹಾಗಾದ್ರೆ ಗಾಡಿ ಯಾಕೆ ಮೇಡಂ?" ಎಂದ ಬಿರುಗಾಳಿ.

"ಹೋಗೋಕೆ. ಬರುವಾಗ ಖಾಲಿ ಬಂದ್ರೆ ಸಂತೋಷ."

ಖಾಲಿ ಗಾಡಿ! ಮೀನುಗಾರನಿಗೆ ಖಾಲಿ ಬಲೆ ತಂದರೆ ಸಂತೋಷ ಎಂದಂತಾಯಿತು. ಷರತ್ತು ಇನ್ನೂ ಕಟುವಾಗಿತ್ತು. ತಿಂಗಳ ಕೊನೆಯೊಳಗೆ ಪ್ರತಿಯೊಬ್ಬ ಡ್ರೈವರೂ ಅಧಿಕಾರಿಣಿಯ ಕಣ್ಣೆದುರು ಒಂದು ಕರೆಯನ್ನಾದರೂ ಮನೆಯಲ್ಲೇ ಮುಗಿಸಬೇಕು, ಅದರಲ್ಲಿ ಅವನ ಕೈಯೂ ಇರಬೇಕು. ಆಗದವನು ಗಾಡಿಯ ಕೀಲಿ ಒಪ್ಪಿಸಿ ಉಗ್ರಾಣಕ್ಕೆ ಹೋಗಬೇಕು. ಉಗ್ರಾಣವೆಂದರೆ ಠಾಣೆಯ ಹಿಂದಿನ ಕಿಟಕಿಯಿಲ್ಲದ ಕೋಣೆ. ಅಲ್ಲಿ ಕಂಬಳಿಗಳನ್ನು ಮಡಿಸಿ ಜೋಡಿಸುವುದು ಕೆಲಸ.

ಎಂಟು ಮಂದಿ ಒಬ್ಬೊಬ್ಬರಾಗಿ ಗೆದ್ದರು. ಬಿರುಗಾಳಿ ಎರಡು ಸಲ ಬಿದ್ದ. ಮೊದಲನೆಯದು ಬಿಕ್ಕಳಿಕೆಯ ಮನುಷ್ಯ. ಜೊತೆಯಲ್ಲಿದ್ದ ಟೆಕ್ನಿಷಿಯನ್ ಹುಡುಗಿ ಚೀಲ ಬಿಚ್ಚುವಷ್ಟರಲ್ಲಿ ಬಿರುಗಾಳಿ ಅವನನ್ನು ಸ್ಟ್ರೆಚರಿಗೆ ಕಟ್ಟಿ, ಒಂಬತ್ತು ನಿಮಿಷದಲ್ಲಿ ಆಸ್ಪತ್ರೆ ಮುಟ್ಟಿಸಿದ. ಎರಡನೇ ತಿರುವಿನಲ್ಲೇ ಹೆದರಿ ಆತನ ಬಿಕ್ಕಳಿಕೆ ನಿಂತಿತ್ತು.

"ವಾಸಿ ಆಯ್ತಲ್ಲ ಮೇಡಂ!" ಎಂದು ಬಿರುಗಾಳಿ ವಾದಿಸಿದ.

"ಆಯ್ತು. ಆದ್ರೆ ಮನೇಲಿ ಅಲ್ಲ," ಎಂದರು ಅಧಿಕಾರಿಣಿ.

ಎರಡನೆಯದರ ಕಥೆ ಬೇಡ. ಅದರಲ್ಲಿ ಕಾಯಿಲೆಯವಳನ್ನು ಬಿಟ್ಟು, ಅವಳನ್ನು ನೋಡಲು ಬಂದಿದ್ದ ನಾದಿನಿಯನ್ನು ಗಾಡಿಗೆ ಹತ್ತಿಸಿದ್ದ ಎಂದರೆ ಸಾಕು.

ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಸಮಾಧಾನ ಹೇಳಿದಳು. "ಉಗ್ರಾಣಕ್ಕೆ ಹಾಕಿದ್ರೆ ಹಾಕ್ಲಿ ಬಿಡಿ ರೀ. ಕಂಬಳಿಗಳು ಓವರ್‌ಟೇಕ್ ಮಾಡಲ್ಲ, ನಿಮ್ಮ ರಕ್ತದೊತ್ತಡಕ್ಕೂ ಒಳ್ಳೇದು."

ಅವನು ನಗಲಿಲ್ಲ. ತಟ್ಟೆಯಲ್ಲಿ ಅನ್ನ ಹಾಗೇ ಉಳಿಯಿತು. ಆಗ ಅವಳು ಯಂತ್ರ ನಿಲ್ಲಿಸಿ ಒಮ್ಮೆ ನೋಡಿದಳು. ಕಿಟಕಿಯಿಲ್ಲದ ಕೋಣೆಯಲ್ಲಿ ಈ ಮನುಷ್ಯ ಆರು ತಿಂಗಳೂ ಬಾಳುವವನಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ತಿಂಗಳ ಕೊನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕರೆ ಬಂತು. ಮುದುಕರೊಬ್ಬರು ಬಿದ್ದಿದ್ದಾರೆ. ಅಧಿಕಾರಿಣಿ ಕಾಗದ ಸಿಕ್ಕಿಸಿದ ಹಲಗೆ ಹಿಡಿದು ಹಿಂದೆ ಹತ್ತಿದರು. ಟೆಕ್ನಿಷಿಯನ್ ಪಕ್ಕದಲ್ಲಿ ಕೂತಳು. ಅವಳಿಗೆ ಇಪ್ಪತ್ತಾರು, ಬಿರುಗಾಳಿಯ ಸೇವೆಯಷ್ಟೇ ಅವಳ ವಯಸ್ಸು.

"ಅಣ್ಣ, ಇವತ್ತು ಒಂದೇ ಕೆಲಸ ಮಾಡಿ. ನಾನು ಹೇಳೋವರೆಗೆ ಯಾರನ್ನೂ ಎತ್ತಬೇಡಿ."

"ಆಯ್ತು ಮೇಡಮ್ಮ."

"ಕೈ ಜೇಬಲ್ಲಿ ಇಟ್ಕೊಳ್ಳಿ."

"ಗಾಡಿ ಓಡಿಸೋವಾಗ ಬೇಡ ತಾನೇ?"

ಇಕ್ಕಟ್ಟಿನ ಬೀದಿ, ಹಸಿರು ಬಾಗಿಲ ಮನೆ. ಬಿದ್ದವರು ನಿವೃತ್ತ ಡ್ರಿಲ್ ಮಾಸ್ಟರು. ನಡುಮನೆಯ ನೆಲದ ಮೇಲೆ, ಗೋಡೆಗೆ ಒರಗಿ, ಬೆನ್ನನ್ನು ಅಳತೆಗೋಲಿನಂತೆ ನೆಟ್ಟಗಿಟ್ಟುಕೊಂಡು ಕೂತಿದ್ದರು. ಬಿದ್ದದ್ದರಲ್ಲೂ ಒಂದು ಶಿಸ್ತಿತ್ತು. ಸೊಸೆ ಸೆರಗಿನಿಂದ ಗಾಳಿ ಬೀಸುತ್ತಾ ಬೈಯುತ್ತಿದ್ದಳು. ಆಕೆ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಪಾಠ ಹೇಳುವವಳು, ಆದ್ದರಿಂದ ಬೈಗುಳಕ್ಕೂ ಸ್ಪಷ್ಟ ಉಚ್ಚಾರಣೆಯಿತ್ತು.

"ಈ ತಿಂಗಳಲ್ಲಿ ಇದು ಮೂರನೇ ಸಲ! ಕೋಲು ತಗೊಳ್ಳಿ ಮಾವ ಅಂತ ಬಾಯಿ ಬಡ್ಕೊಂಡೆ."

"ಕೋಲು ಹಿಡಿಯೋದು ಮುದುಕರು."

"ನಿಮಗೆ ಎಂಬತ್ತೊಂದು!"

"ಎಂಬತ್ತು. ಎಂಬತ್ತೊಂದಕ್ಕೆ ಇನ್ನೂ ಹನ್ನೊಂದು ದಿನ ಇದೆ."

ಹಿಂದಿನ ಎರಡು ಸಲವೂ ಬೇರೆ ಗಾಡಿಗಳು ಬಂದು ಅವರನ್ನು ಆಸ್ಪತ್ರೆಗೆ ಒಯ್ದಿದ್ದವು. ಎಕ್ಸ್‌ರೇ ತೆಗೆದರು, ತಲೆಯ ಫೋಟೋ ತೆಗೆದರು, ರಕ್ತ ತೆಗೆದರು. ಸಿಕ್ಕ ಕಾಯಿಲೆ ಒಂದೇ: ವಯಸ್ಸು. ಟೆಕ್ನಿಷಿಯನ್ ಈಗ ಮಂಡಿಯೂರಿ ತಲೆ, ಕುತ್ತಿಗೆ, ಸೊಂಟದ ಮೂಳೆ ಎಲ್ಲ ಒತ್ತಿ ನೋಡಿದಳು. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ರಕ್ತದೊತ್ತಡ ಅಳೆದು, ಮತ್ತೆ ಅಲ್ಲೇ ಕೂರಿಸಿದಳು. ಸಕ್ಕರೆ ಪರೀಕ್ಷಿಸಿದಳು. ಮೊಣಕೈ ತರಚಿದ್ದು ಬಿಟ್ಟರೆ ಎಲ್ಲವೂ ಸರಿಯಿತ್ತು.

"ಹಾಗಾದ್ರೆ ಹೊರಡೋಣ," ಎಂದರು ಡ್ರಿಲ್ ಮಾಸ್ಟರು ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತಾ. "ಹೋದ ಸಲದೋನು ಸೈರನ್ ಹಾಕಲೇ ಇಲ್ಲ. ನೀವು ಹಾಕ್ತೀರ ತಾನೇ?"

ಬಿರುಗಾಳಿಯ ಎದೆ ಜಿಗಿಯಿತು. ಹುಟ್ಟುವಾಗ ಅಗಲಿದ ಅಣ್ಣ ತಮ್ಮಂದಿರಂತೆ ಇಬ್ಬರ ಕಣ್ಣುಗಳೂ ಕೂಡಿದವು. ಇಲ್ಲಿಂದ ದೊಡ್ಡಾಸ್ಪತ್ರೆಗೆ ನಾಲ್ಕು ತಿರುವು, ಮೂರು ಉಬ್ಬು, ಆರು ನಿಮಿಷ! ಕೈ ಜೇಬಿನಿಂದ ಹೊರಬಂತು, ಕೈಯಲ್ಲಿ ಕೀಲಿ ಬಂತು, ಬಲಗಾಲು ನೆಲವನ್ನೇ ಆಕ್ಸಿಲರೇಟರ್ ಎಂದುಕೊಂಡು ಒತ್ತಿತು. ಅಧಿಕಾರಿಣಿ ಪೆನ್ನಿನ ಮುಚ್ಚಳ ತೆಗೆದರು.

"ಅಣ್ಣ," ಎಂದಳು ಟೆಕ್ನಿಷಿಯನ್ ಮೆಲ್ಲಗೆ. "ಕಂಬಳಿ."

ಕೀಲಿ ಜೇಬಿಗೆ ಹೋಯಿತು. ಬಿರುಗಾಳಿ ನೆಲದ ಮೇಲೆ, ಡ್ರಿಲ್ ಮಾಸ್ಟರ ಪಕ್ಕದಲ್ಲಿ ಕುಕ್ಕರಿಸಿದ. ಕೂತದ್ದೇನೋ ಆಯಿತು, ಮುಂದೇನು? ತರಬೇತಿಯಲ್ಲಿ ಹೇಳಿಕೊಟ್ಟ ಪ್ರಶ್ನೆಗಳೆಲ್ಲ ಮಳೆಗೆ ಸಿಕ್ಕ ಸೀಮೆಸುಣ್ಣದ ಅಕ್ಷರದಂತೆ ಅಳಿಸಿಹೋಗಿದ್ದವು. ಕೊನೆಗೆ, ಬೇರೇನೂ ತೋಚದೆ, ರಸ್ತೆಯಲ್ಲಿ ಮಗುಚಿದ ಲಾರಿಯ ಬಳಿ ಕೇಳುವ ಪ್ರಶ್ನೆಯನ್ನೇ ಕೇಳಿದ.

"ಸಾರ್, ಮೂರು ಸಲಾನೂ ಬಿದ್ದಿದ್ದು ಎಲ್ಲಿ?"

"ಇಲ್ಲೇ."

"ಇಲ್ಲೇ ಅಂದ್ರೆ, ಈ ನಡುಮನೇಲಾ?"

"ಇಲ್ಲೇ ಅಂದ್ರೆ ಇಲ್ಲೇ. ಇದೇ ಗೋಡೆ ಪಕ್ಕ."

ಬಿರುಗಾಳಿಯ ಕಿವಿ ನಿಮಿರಿತು. ಒಂದು ಲಾರಿ ಬಿದ್ದರೆ ಡ್ರೈವರನ್ನು ಬೈಯಬಹುದು. ಅದೇ ಜಾಗದಲ್ಲಿ ಮೂರು ಲಾರಿ ಬಿದ್ದರೆ ಬೈಯಬೇಕಾದ್ದು ರಸ್ತೆಯನ್ನು. ಇದನ್ನು ಯಾವ ಅಧಿಕಾರಿಣಿಯೂ ಅವನಿಗೆ ಕಲಿಸಬೇಕಾಗಿರಲಿಲ್ಲ. ಎದ್ದು ಒಳಕೋಣೆಯ ಮಂಚದ ಬಳಿ ಹೋಗಿ ನಿಂತ. ಅಲ್ಲಿಂದ ಬಚ್ಚಲ ಬಾಗಿಲವರೆಗೆ ಹದಿನೈದು ಹೆಜ್ಜೆ. ಊರಿಗೇ ಬಿರುಗಾಳಿ ಎನಿಸಿಕೊಂಡವನು ಆ ಹದಿನೈದು ಹೆಜ್ಜೆಯನ್ನು ಎಂಬತ್ತರ ಮುದುಕನಂತೆ, ಪಾದ ಎಳೆದುಕೊಂಡು, ಎರಡು ನಿಮಿಷ ನಡೆದ. ಟೆಕ್ನಿಷಿಯನ್‌ಗೆ ಅವನ ಆರೋಗ್ಯದ ಮೇಲೇ ಅನುಮಾನ ಬಂತು.

ಗೋಡೆಯ ಮೇಲೆ, ಸೊಂಟದೆತ್ತರಕ್ಕೆ, ಮಾಸಿದ ಒಂದು ಗೆರೆ ಕಾಣಿಸಿತು. ಬ್ರೇಕ್ ಒತ್ತಿದ ಟಯರಿನ ಗುರುತಿನಂತೆ ಮಂಚದ ಬಳಿ ಶುರುವಾಗಿ, ಬಾಗಿಲ ಚೌಕಟ್ಟು ಸವರಿಕೊಂಡು, ನಡುಮನೆಯ ಗೋಡೆಗುಂಟ ಬಂದು, ಥಟ್ಟನೆ ನಿಂತಿತ್ತು. ಆಮೇಲೆ ಆಳೆತ್ತರದ ಒಂದು ಚೌಕ, ಸುಣ್ಣ ಬಳಿದ ದಿನದಷ್ಟು ಬೆಳ್ಳಗೆ. ಮೂರು ಹೆಜ್ಜೆ ದಾಟಿದ ಮೇಲೆ ಬಚ್ಚಲ ಬಾಗಿಲಿನ ಬಳಿ ಗೆರೆ ಮತ್ತೆ ಕಾಣಿಸಿಕೊಂಡಿತ್ತು. ಅದು ಕೈ ಸವರಿ ಸವರಿ ಆದ ಗೆರೆ, ವರ್ಷಗಟ್ಟಲೆಯ ಕೈಯದು.

ಬಿರುಗಾಳಿ ಸೊಸೆಯನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ. "ಅಮ್ಮಾ, ಇಲ್ಲಿ ಏನಿತ್ತು?"

"ಬೀರು. ಪುಸ್ತಕ ಇಡೋಕೆ ಬೇಕಿತ್ತು, ಈ ತಿಂಗಳ ಮೊದಲಲ್ಲಿ ಮುಂದಿನ ಕೋಣೆಗೆ ತಳ್ಳಿಸಿದೆ."

"ಇವರು ಮೊದಲನೇ ಸಲ ಬಿದ್ದಿದ್ದು?"

ಆಕೆ ಬೆರಳು ಮಡಿಸುತ್ತಾ ಲೆಕ್ಕ ಹಾಕಿದಳು. ಮಡಿಸಿದ ಬೆರಳುಗಳು ಹಾಗೇ ಬಾಯಿಗೆ ಬಂದವು. "ತಳ್ಳಿಸಿದ ಮಾರನೇ ದಿನ."

ಪಿಸುಮಾತು ಕೇಳಿಸಿತೋ, ಊಹಿಸಿದರೋ, ಡ್ರಿಲ್ ಮಾಸ್ಟರ ಮುಖ ಕೆಂಪಾಯಿತು. "ನಾನು ಗೋಡೆ ಗೀಡೆ ಹಿಡಿಯೋನಲ್ಲ! ಸಾವಿರಾರು ಮಕ್ಕಳಿಗೆ ನೆಟ್ಟಗೆ ನಿಲ್ಲೋದು ಕಲಿಸಿದೋನು ನಾನು. ಎತ್ರಿ ನನ್ನ, ಆಸ್ಪತ್ರೆಗೆ ನಡೀರಿ!"

ಎರಡು ಆಸ್ಪತ್ರೆ ಯಾತ್ರೆಯಲ್ಲೂ ಹೊರಬರದ ಗುಟ್ಟು ಇದೇ. ಗೆರೆ ಮುಗಿದಲ್ಲಿ ಕೈ ಅಭ್ಯಾಸದಿಂದ ಬೀರುವಿಗೆ ಚಾಚುತ್ತಿತ್ತು, ಸಿಗುತ್ತಿದ್ದದ್ದು ಬರೀ ಗಾಳಿ. ಬೀರು ಹಿಡಿದು ನಡೆಯುತ್ತೇನೆ ಎನ್ನುವುದಕ್ಕಿಂತ ಮೂರು ಸಲ ಬೀಳುವುದೇ ಅವರಿಗೆ ಮರ್ಯಾದೆಯಾಗಿ ಕಂಡಿತ್ತು. ಈಗ ಅವರು ಹಟ ಹಿಡಿದರೆ ಗಾಡಿ ಹೊರಡಲೇಬೇಕು. ಗಾಡಿ ತುಂಬಿ ಹೊರಟರೆ ಬಿರುಗಾಳಿ ಉಗ್ರಾಣಕ್ಕೆ.

ಬಿರುಗಾಳಿ ಮತ್ತೆ ಅವರ ಪಕ್ಕದಲ್ಲಿ ಕೂತ. ಅಧಿಕಾರಿಣಿಯ ಕಡೆ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡ.

"ಸಾರ್, ನನ್ನ ಎಡ ಮೊಣಕಾಲು ಕೆಟ್ಟು ಎರಡು ವರ್ಷ ಆಯ್ತು. ಗಾಡಿ ಇಳಿಯೋವಾಗ ಬಾಗಿಲು ಹಿಡ್ಕೊಂಡೇ ಇಳಿಯೋದು. ಯಾರಿಗೂ ಗೊತ್ತಾಗಬಾರದು ಅಂತ ಬಾಗಿಲು ಒರೆಸೋ ಹಾಗೆ ನಾಟಕ ಮಾಡ್ತೀನಿ."

"ಎಲ್ರಿಗೂ ಗೊತ್ತು ಅಣ್ಣ," ಎಂದಳು ಟೆಕ್ನಿಷಿಯನ್. "ಒಂದೇ ಬಾಗಿಲು ಅಷ್ಟೊಂದು ಹೊಳೀತಿದ್ರೆ ಗೊತ್ತಾಗಲ್ವಾ?"

ಬಿರುಗಾಳಿ ಅದನ್ನು ನುಂಗಿಕೊಂಡ. "ನೀವು ಬೀಳ್ತಿರೋದು ನಿಮ್ಮ ತಪ್ಪಲ್ಲ ಸಾರ್. ಸೇತುವೆ ಕಿತ್ತು ಹಾಕಿ ಹೊಳೆ ದಾಟು ಅಂದ್ರೆ ಎಂಥ ಗಂಡು ದಾಟ್ತಾನೆ?"

ಡ್ರಿಲ್ ಮಾಸ್ಟರು ಕತ್ತು ಹೊರಳಿಸಿ ಪಕ್ಕದ ಬಿಳಿ ಚೌಕವನ್ನು ನೋಡಿದರು. ಆಮೇಲೆ ಯಾರಿಗೆಂದೂ ಇಲ್ಲದ ದನಿಯಲ್ಲಿ, "ಬೀರು ಅಲ್ಲಿದ್ದಾಗ ಮನೆ ನೋಡೋಕೂ ಲಕ್ಷಣವಾಗಿತ್ತು," ಎಂದರು.

ಅಷ್ಟು ಸಾಕಾಯಿತು. ಪುಸ್ತಕಗಳು ನೆಲಕ್ಕಿಳಿದವು. ಬಿರುಗಾಳಿ, ಟೆಕ್ನಿಷಿಯನ್, ಸೊಸೆ ಮೂವರೂ ನೂಕಿದರೂ ಕಬ್ಬಿಣದ ಬೀರು ಜಗ್ಗದಾಗ ಅಧಿಕಾರಿಣಿ ಹಲಗೆಯನ್ನು ಕಿಟಕಿಯ ಮೇಲಿಟ್ಟು ತಾವೂ ಭುಜ ಕೊಟ್ಟರು. ಡ್ರಿಲ್ ಮಾಸ್ಟರು ಕುರ್ಚಿಯಲ್ಲಿ ಕೂತು, ಹತ್ತು ವರ್ಷ ಕಿರಿಯರಾಗಿ, ಗರ್ಜಿಸಿದರು. "ಎಡಕ್ಕೆ! ಒಂದು, ಎರಡು! ಆ ಗಿಡ್ಡ ಹೆಂಗಸು ಹೆಜ್ಜೆ ತಪ್ಪಿಸ್ತಿದಾಳೆ! ಬೆನ್ನು ನೆಟ್ಟಗೆ!" ಅಧಿಕಾರಿಣಿ ಬೆನ್ನು ನೆಟ್ಟಗೆ ಮಾಡಿದರು.

ಬೀರು ಗೋಡೆಗೆ ಕೂತ ಮೇಲೆ ಡ್ರಿಲ್ ಮಾಸ್ಟರು ಎದ್ದು ಮಂಚದಿಂದ ಬಚ್ಚಲವರೆಗೂ, ಬಚ್ಚಲಿನಿಂದ ಮಂಚದವರೆಗೂ ಎರಡು ಸಲ ನಡೆದು ತೋರಿಸಿದರು. ನಡುವೆ ಬೀರುವಿನ ಮೇಲೆ ಕೈ ಆಡಿತು. "ಧೂಳಿದೆಯಾ ಅಂತ ನೋಡಿದೆ ಅಷ್ಟೆ," ಎಂದರು. ಇದೆ, ಇದೆ ಎಂದು ಎಲ್ಲರೂ ಒಪ್ಪಿಕೊಂಡರು. ಟೆಕ್ನಿಷಿಯನ್ ಮೊಣಕೈಗೆ ಪಟ್ಟಿ ಹಾಕಿ, ತಲೆನೋವೋ ವಾಂತಿಯೋ ಬಂದರೆ ಕೂಡಲೇ ಕರೆಯಬೇಕೆಂದು ಸೊಸೆಗೆ ಬರೆದುಕೊಟ್ಟು, ನಾಳೆ ನರ್ಸ್ ಬಂದು ನೋಡುವಂತೆ ಫೋನು ಮಾಡಿದಳು.

"ಹಾಗಾದ್ರೆ ಸೈರನ್ ಇಲ್ಲ," ಎಂದರು ಡ್ರಿಲ್ ಮಾಸ್ಟರು.

"ಇಲ್ಲ ಸಾರ್," ಎಂದ ಬಿರುಗಾಳಿ. ಇಬ್ಬರೂ ಒಂದು ಕ್ಷಣ ತಲೆ ತಗ್ಗಿಸಿ ಮೌನ ಆಚರಿಸಿದರು.

ಬರುವಾಗ ಗಾಡಿ ಖಾಲಿ. ಕೆಂಪು ದೀಪಕ್ಕೆ ನಿಲ್ಲಬೇಕಾಗಿ ಬಂತು. ಕೆಂಪು ದೀಪ ಅಷ್ಟು ಹೊತ್ತು ಉರಿಯುತ್ತದೆಂದು ಬಿರುಗಾಳಿಗೆ ಇಪ್ಪತ್ತಾರು ವರ್ಷದಲ್ಲಿ ಗೊತ್ತೇ ಇರಲಿಲ್ಲ. ಅಧಿಕಾರಿಣಿ ಹಿಂದಿನಿಂದ ಸಹಿ ಹಾಕಿದ ಹಾಳೆಯನ್ನು ಮುಂದಕ್ಕೆ ಚಾಚಿದರು. "ಆಸ್ಪತ್ರೆ ಎರಡು ಸಲ ಹುಡುಕಿದ್ರೂ ಸಿಕ್ಕಿರಲಿಲ್ಲ. ಇನ್ಮೇಲೆ ಪದೇ ಪದೇ ಬೀಳೋರ ಮನೆಗೆ ಮೊದಲು ನೀವೇ ಹೋಗಬೇಕು. ಮತ್ತೆ, ಆ ಮೊಣಕಾಲು ತೋರಿಸ್ಕೊಳ್ಳಿ. ಗಾಡಿ ಬಿಡಿಸಲ್ಲ, ಹೆದರಬೇಡಿ."

ಠಾಣೆಯ ಎಂಟು ಮಂದಿ ಅವನಿಗೆ ಸಂಜೆಯೊಳಗೆ 'ಬೀರು ಡಾಕ್ಟರು' ಎಂದು ಪಟ್ಟ ಕಟ್ಟಿದರು. ಅವನೂ ಅದನ್ನು ಪಟ್ಟವೆಂದೇ ಸ್ವೀಕರಿಸಿದ.

ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ನೆಲಕ್ಕೆ ಬಗ್ಗಿ, ಹೊಸ್ತಿಲು, ಚಾಪೆಯ ಅಂಚು, ಹೊಲಿಗೆ ಯಂತ್ರದ ವಯರು, ಒಂದೊಂದನ್ನೂ ನೋಡಿ ಚೀಟಿಯಲ್ಲಿ ಬರೆದುಕೊಳ್ಳತೊಡಗಿದ. ಹೆಂಡತಿಗೆ ಸಹಿಯ ಹಾಳೆ ಕಂಡಿತ್ತು. ಕಣ್ಣು ಒರೆಸಿಕೊಂಡದ್ದು ಅವನಿಗೆ ಕಾಣದಂತೆ ದಾರ ಕಚ್ಚಿ ಹರಿದಳು.

"ಏನು ಕಳ್ಕೊಂಡ್ರಿ ರೀ?"

"ಅಪಾಯದ ಜಾಗ ಹುಡುಕ್ತಿದೀನಿ. ಈ ಮನೇಲಿ ನೀನು ಪದೇ ಪದೇ ಎಡವೋ ಜಾಗ ಇದ್ರೆ ಹೇಳು."

"ಇದೆ. ಇಪ್ಪತ್ತೆಂಟು ವರ್ಷದಿಂದ ಒಂದೇ ಜಾಗ."

"ಎಲ್ಲಿ, ಎಲ್ಲಿ?" ಅವನು ಪೆನ್ಸಿಲ್ ಎತ್ತಿಕೊಂಡ.

"ಅಡುಗೆಮನೆ ಬಾಗಿಲಿಗೆ ಅಡ್ಡ ಕುರ್ಚಿ ಹಾಕ್ಕೊಂಡು, ಕಾಲು ಚಾಚ್ಕೊಂಡು ಕೂರ್ತೀರಲ್ಲ, ಅಲ್ಲಿ."

ಅವನು ಗಂಭೀರವಾಗಿ ಬರೆದುಕೊಂಡ. ಜಾಗ: ಅಡುಗೆಮನೆ ಬಾಗಿಲು. ಕಾರಣ: ಕಾಲು. ಪರಿಹಾರವೆಂಬಲ್ಲಿ ಏನು ಬರೆಯುವುದೆಂದು ಸುಲಭಕ್ಕೆ ಹೊಳೆಯಲಿಲ್ಲ. ನಿಧಾನವಾಗಿ ಯೋಚಿಸೋಣವೆಂದು ಅದೇ ಕುರ್ಚಿ ಎಳೆದುಕೊಂಡು, ಅದೇ ಬಾಗಿಲಿಗೆ ಅಡ್ಡಲಾಗಿ, ಕಾಲು ಚಾಚಿ ಕೂತ.