ಕೋಷ್ಟಕದ ಕೆಳಗಿನ ಇಪ್ಪತ್ನಾಲ್ಕು

ನಮ್ಮ ಮೇಲಿನ ಮನೆಯ ಮಾಮನನ್ನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲ್ಲರೂ ‘ಒಣಗಿಸಿ’ ಎಂದೇ ಕರೆಯುತ್ತಿದ್ದರು. ಮಣ್ಣು, ಇಟ್ಟಿಗೆ ಪರೀಕ್ಷಿಸುವ ಲ್ಯಾಬಿನಲ್ಲಿ ಅವರು ಮೂವತ್ತೊಂದು ವರ್ಷ ಸಹಾಯಕರಾಗಿದ್ದರು. ಯಾರು ಇಟ್ಟಿಗೆ ಹಿಡಿದುಕೊಂಡು ಬಂದರೂ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: “ಒಣಗಿಸಿದ್ರಾ?” ಓವನ್‌ನಲ್ಲಿಟ್ಟು ತೂಗಬೇಕು, ಮತ್ತೆ ಇಟ್ಟು ಮತ್ತೆ ತೂಗಬೇಕು. ಎರಡು ತೂಕ ಒಂದೇ ಬಂದು, ಒಣಗಿದ್ದು ಖಾತ್ರಿಯಾಗುವವರೆಗೆ ಯಾರನ್ನೂ ಯಂತ್ರದ ಹತ್ತಿರಕ್ಕೆ ಬಿಡುತ್ತಿರಲಿಲ್ಲ. ಪ್ರೊಫೆಸರುಗಳೂ ಕೈಕಟ್ಟಿಕೊಂಡು ಕಾಯಬೇಕಿತ್ತು. ಅಂಥವರ ಮೇಲೆ, ಒಣಗಿಸದೆ ಪರೀಕ್ಷೆ ಮಾಡಿದರು ಎಂಬ ಅಪವಾದ ಅಚ್ಚಿನಲ್ಲಿ ಬಂತು. ತಂದಿಟ್ಟವಳು ನಾನು.

ಅದೇ ಮನೆಯ ಕೆಳಗೆ, ಕಾಲೇಜಿನ ಎದುರಿಗೆ ನನ್ನದೊಂದು ಅಂಗಡಿ. ಸಂಶೋಧನಾ ಲೇಖನಗಳನ್ನು ಪತ್ರಿಕೆಯವರು ಕೇಳಿದ ಹಾಗೆ ಜೋಡಿಸಿ ಕೊಡುತ್ತೇನೆ, ಅದರಲ್ಲೂ ಕೊನೆಯಲ್ಲಿ ಬರುವ ಆಕರಗಳ ಪಟ್ಟಿಯನ್ನು. ಒಬ್ಬರಿಗೆ ಇನಿಷಿಯಲ್ ಮೊದಲು ಬೇಕು, ಇನ್ನೊಬ್ಬರಿಗೆ ಆಮೇಲೆ. ಒಬ್ಬರಿಗೆ ವರ್ಷ ಹೆಸರಿನ ಪಕ್ಕ, ಇನ್ನೊಬ್ಬರಿಗೆ ಸಾಲಿನ ತುದಿಯಲ್ಲಿ. ಸೇತುವೆ ಕಟ್ಟುವ ಮಹಾನುಭಾವರಿಗೆ ನಲವತ್ತು ಹೆಸರನ್ನು ಸಾಲಾಗಿ ನಿಲ್ಲಿಸಲು ಬರುವುದಿಲ್ಲ. ಅವರನ್ನು ಬೈದುಕೊಳ್ಳುತ್ತಲೇ ಹದಿನಾಲ್ಕು ವರ್ಷ ಹೊಟ್ಟೆ ಹೊರೆದಿದ್ದೇನೆ.

ಹೋದ ವರ್ಷ ಒಬ್ಬ ಲೆಕ್ಚರರ್ ಮಣ್ಣಿನ ಇಟ್ಟಿಗೆಗಳ ಬಗ್ಗೆ ಬರೆದ ಲೇಖನ ತಂದ. ಪಟ್ಟಿ ಸರಿಮಾಡುತ್ತಾ ಹೋದರೆ ಇಪ್ಪತ್ತೈದನೆಯದಾಗಿ ನಮ್ಮ ಮಾಮನ ಹೆಸರು. ಅವರು ಜೀವಮಾನದಲ್ಲಿ ಬರೆದದ್ದು ಅದೊಂದೇ ಲೇಖನ, ಅದೂ ನಾಲ್ಕು ಪುಟ. ಇಪ್ಪತ್ತೆರಡು ವರ್ಷ ಅದನ್ನು ಒಬ್ಬನೂ ಮೂಸಿ ನೋಡಿರಲಿಲ್ಲ. ಸಂಜೆ ಮೆಟ್ಟಿಲು ಹತ್ತಿ ಹೋಗಿ ಹೇಳಿದೆ. ಮಾಮ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

“ಯಾವಾಗ ಅಚ್ಚಾಗುತ್ತೆ?”

“ಅಂತೂ ಯಾರಿಗೋ ಕಣ್ಣು ಕಾಣಿಸ್ತು ಅನ್ನಿ,” ಎಂದು ಅತ್ತೆ ಒಳಗಿನಿಂದಲೇ ಛೇಡಿಸಿದರು. ಮೂವರೂ ನಕ್ಕೆವು.

ಮಾರನೆಯ ದಿನ ನಾನು ಮಾಡಿದ್ದು ಇಷ್ಟು. ಆ ಪಟ್ಟಿಯಲ್ಲಿ ಒಂದೇ ಲೇಖನ ಒಂಬತ್ತನೆಯದಾಗಿಯೂ ಹದಿನೆಂಟನೆಯದಾಗಿಯೂ ಎರಡು ಸಲ ನುಸುಳಿತ್ತು. ಹದಿನೆಂಟನ್ನು ಕಿತ್ತುಹಾಕಿದೆ. ಕೆಳಗಿದ್ದವೆಲ್ಲ ಒಂದೊಂದು ಮೆಟ್ಟಿಲು ಮೇಲೆ ಬಂದವು, ಮಾಮ ಇಪ್ಪತ್ನಾಲ್ಕಾದರು. ಲೇಖನದ ಒಳಗೆ ಆಯಾ ಆಕರವನ್ನು ಸೂಚಿಸುವ ಸಂಖ್ಯೆಗಳನ್ನೂ ಅದರಂತೆ ತಿದ್ದಬೇಕು. ಲೆಕ್ಚರರ್ ಎಲ್ಲವನ್ನೂ ಕೈಯಲ್ಲೇ ಟೈಪ್ ಮಾಡಿದ್ದರಿಂದ ಕಂಪ್ಯೂಟರ್ ತಾನಾಗಿ ತಿದ್ದುವ ಹಾಗಿರಲಿಲ್ಲ, ಒಂದೊಂದಾಗಿ ನಾನೇ ಹುಡುಕಿ ತಿದ್ದಿದೆ. ಒಂದು ಕೋಷ್ಟಕದ ಕೆಳಗೆ, ಇರುವೆ ಸಾಲಿನಂಥ ಸಣ್ಣಕ್ಷರದಲ್ಲಿ ಒಂದು ಟಿಪ್ಪಣಿಯಿತ್ತು: ‘ಮಾದರಿಗಳನ್ನು ಪೂರ್ತಿ ಒಣಗಿಸದೆ ಪರೀಕ್ಷಿಸಿರುವುದರಿಂದ ಈ ಫಲಿತಾಂಶಗಳನ್ನು ನಂಬಲಾಗದು.’ ಅದರ ಮುಂದೆ ಇಪ್ಪತ್ನಾಲ್ಕು. ಅಂದರೆ ಹಳೆಯ ಪಟ್ಟಿಯ ಇಪ್ಪತ್ನಾಲ್ಕು, ಬೇರೆ ಯಾರದೋ ಕೆಲಸ. ಅದನ್ನು ಇಪ್ಪತ್ಮೂರು ಮಾಡಬೇಕಿತ್ತು, ಇಲ್ಲದಿದ್ದರೆ ಆ ಮಾತು ಮಾಮನಿಗೆ ಅಂಟುತ್ತದೆ. ಕೋಷ್ಟಕದ ಕೆಳಗೆ ನಾನು ನೋಡಲೇ ಇಲ್ಲ. ಬೇಗ ಮುಗಿಸಿ ಎದ್ದೇಳುವ ಆತುರ, ಬೇರೇನೂ ಇಲ್ಲ.

ಅಚ್ಚಾದ ಪ್ರತಿಯನ್ನು ಲೆಕ್ಚರರ್ ತಂದುಕೊಟ್ಟಾಗ ಆ ಸಾಲು ಕಣ್ಣಿಗೆ ಬಿತ್ತು. ಅವನಿಗೆ ಅಲ್ಲೇ ಹೇಳಬಹುದಿತ್ತು. ಪತ್ರಿಕೆಯವರಿಗೆ ಬರೆದರೆ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುತ್ತಾರೆ. ಆದರೆ ಬಾಯಿ ಬಿಟ್ಟರೆ ಕಾಲೇಜಿನಲ್ಲಿ ನನ್ನ ಹೆಸರು ಕೆಡುತ್ತದೆ, ಇನ್ನು ಯಾರು ಕೆಲಸ ಕೊಡುತ್ತಾರೆ? ಅಷ್ಟು ಸಣ್ಣ ಅಕ್ಷರವನ್ನು ಯಾವ ಪುಣ್ಯಾತ್ಮ ಓದುತ್ತಾನೆ? ಹೀಗೆ ನನಗೆ ನಾನೇ ಸಮಾಧಾನ ಹೇಳಿಕೊಂಡು ಸುಮ್ಮನಾದೆ. ಓದುವ ಒಬ್ಬ ಮನುಷ್ಯ ನನ್ನ ತಲೆಯ ಮೇಲಿನ ಮನೆಯಲ್ಲೇ ಇದ್ದಾರೆ ಎಂದು ಗೊತ್ತಿದ್ದೂ ಸುಮ್ಮನಾದೆ.

ಆಮೇಲೆ ಮಾಮ ಪೇಪರ್ ಓದಲು ಅಂಗಡಿಗೆ ಬರುವುದನ್ನು ನಿಲ್ಲಿಸಿದರು. ಮಂಡಿ ನೋವಿರಬೇಕು ಅಂದುಕೊಂಡೆ. ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು. ಒಂದು ದಿನ ಅತ್ತೆ ಮೆಟ್ಟಿಲ ಹತ್ತಿರ ಕೈ ಹಿಡಿದು ನಿಲ್ಲಿಸಿದರು.

“ನಿಮ್ಮ ಮಾಮ ನನ್ನ ಹತ್ರ ನೆಟ್ಟಗೆ ಮಾತೇ ಆಡ್ತಿಲ್ಲ ಕಣೇ. ಏನು ಕೇಳಿದ್ರೂ ಹೂಂ, ಉಹೂಂ. ನಾನೇನು ತಪ್ಪು ಮಾಡಿದೀನೋ ಗೊತ್ತಾಗ್ತಿಲ್ಲ.”

“ವಯಸ್ಸಾಯ್ತಲ್ಲ ಅತ್ತೆ, ಏನೋ ಯೋಚನೆ ಇರುತ್ತೆ,” ಎಂದು ಹೇಳಿ ಕೈ ಬಿಡಿಸಿಕೊಂಡೆ.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಆಗಷ್ಟೇ ಅಂಗಡಿ ಬಾಗಿಲು ತೆಗೆದಿದ್ದೆ, ಮಾಮ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲೊಂದು ಹಾಳೆ, ಕಂಕುಳಲ್ಲಿ ಹಳೆಯ ನೋಟ್‌ಬುಕ್ಕು.

“ಇದನ್ನ ಪತ್ರಿಕೆಯವರಿಗೆ ಕಳಿಸ್ಬೇಕಮ್ಮ. ಅವರ ಪದ್ಧತಿ ನನಗೆ ಗೊತ್ತಿಲ್ಲ. ಕೊನೇಲಿ ಎರಡು ಆಕರ ಇವೆ, ಅದನ್ನ ನೀನೇ ಸರಿಯಾಗಿ ಹಾಕು.”

ಓದಿದೆ. ದುಂಡಗಿನ ಅಕ್ಷರ. ಇಪ್ಪತ್ತೆರಡು ವರ್ಷಗಳ ಹಿಂದೆ ತಾವು ಪ್ರಕಟಿಸಿದ ಫಲಿತಾಂಶಗಳು ದೋಷಪೂರಿತವೆಂದು ಇತ್ತೀಚಿನ ಲೇಖನವೊಂದರಿಂದ ತಿಳಿದುಬಂದಿದೆ, ದಯವಿಟ್ಟು ಅದನ್ನು ಹಿಂತೆಗೆದುಕೊಳ್ಳಬೇಕು, ಓದುಗರು ಕ್ಷಮಿಸಬೇಕು ಎಂದು ಬರೆದಿದ್ದರು. ಕೆಳಗೆ ಒಂದನೆಯ ಆಕರ ಅವರ ಲೇಖನ. ಎರಡನೆಯದು, ನಾನು ಜೋಡಿಸಿಕೊಟ್ಟದ್ದು.

“ಅವರು ಬರೆದದ್ದು ಸರಿ ಅಂತ ಹೇಗೆ ಹೇಳ್ತೀರಿ ಮಾಮ?” ಎಂದೆ.

ಅವರು ನೋಟ್‌ಬುಕ್ಕು ಬಿಡಿಸಿ ಒಂದು ಖಾಲಿ ಚೌಕದ ಮೇಲೆ ಬೆರಳಿಟ್ಟರು. “ನೋಡು, ಅವತ್ತಿನ ಸಂಜೆ ತೂಕ ಬರೆದಿಲ್ಲ. ಮಗೂಗೆ ಜ್ವರ ಅಂತ ನಿಮ್ಮತ್ತೆ ಫೋನ್ ಮಾಡಿದ್ಲು. ಎರಡು ಗಂಟೆ ಮುಂಚೆ ಎದ್ದು ಬಂದ್ಬಿಟ್ಟೆ. ಮಾರನೇ ಬೆಳಿಗ್ಗೆ ತೂಗಿದ್ದೆ, ಸರಿಯಾಗೇ ಇತ್ತು. ಆದ್ರೆ ಓದಿದವರು ಸುಮ್ನೆ ಬರೀತಾರಾ? ಅಚ್ಚಲ್ಲೇ ಬಂದಿದೆ, ಕಾಲೇಜು ಲೈಬ್ರರೀಲಿ ನೋಡ್ದೆ.” ನೋಟ್‌ಬುಕ್ಕು ಮುಚ್ಚುತ್ತಾ, “ಅವಳು ಅವತ್ತು ಕರೀದೇ ಇದ್ದಿದ್ರೆ ಹೀಗಾಗ್ತಿರ್ಲಿಲ್ಲ,” ಎಂದರು.

ಅತ್ತೆ ಮಾಡಿದ ತಪ್ಪು ಏನೆಂದು ನನಗೆ ಆಗ ತಿಳಿಯಿತು. ಲೆಕ್ಚರರ್ ಮೊದಲು ಕೊಟ್ಟಿದ್ದ ಕಡತವನ್ನು ತೆರೆದು, ಪರದೆಯನ್ನು ಅವರ ಕಡೆ ತಿರುಗಿಸಿ, ಎಲ್ಲವನ್ನೂ ಹೇಳಿದೆ. ಹದಿನೆಂಟು ಕಿತ್ತದ್ದು, ಕೋಷ್ಟಕದ ಕೆಳಗೆ ನೋಡದೆ ಬಿಟ್ಟದ್ದು. ಎಲ್ಲಕ್ಕಿಂತ ಕಷ್ಟವಾದದ್ದು, ನಾಲ್ಕು ತಿಂಗಳ ಹಿಂದೆಯೇ ಗೊತ್ತಿತ್ತು ಎಂದು ಹೇಳುವುದು. ಅದನ್ನೂ ಹೇಳಿದೆ.

ಮಾಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಳೆಯ ಪಟ್ಟಿಯಲ್ಲಿ ಇಪ್ಪತ್ನಾಲ್ಕು ಯಾವುದು, ಇಪ್ಪತ್ತೈದು ಯಾವುದು ಎಂದು ಎರಡು ಸಲ ಬೆರಳಿಟ್ಟು ನೋಡಿದರು. ಎರಡು ಸಲವೂ ಒಂದೇ ಬಂತು.

“ನನ್ನ ಹತ್ರ ಹೇಳಿದ್ದಾಯ್ತು,” ಎಂದರು. “ನಿಮ್ಮತ್ತೆಗೆ ಯಾರು ಹೇಳ್ತಾರೆ? ನನಗೆ ಮುಖ ಇಲ್ಲ.”

ಮೊದಲು ಲೆಕ್ಚರರ್‌ಗೆ ಫೋನ್ ಮಾಡಿದೆ. ಹೋಗ್ಲಿ ಬಿಡಿ, ಯಾರು ನೋಡ್ತಾರೆ ಅಂದ. ನಾನು ನನಗೇ ಹೇಳಿಕೊಂಡಿದ್ದ ಅದೇ ಮಾತು. ನೀವು ಸಹಿ ಹಾಕುವವರೆಗೆ ನಿಮ್ಮ ರೂಮಿನ ಬಾಗಿಲಲ್ಲೇ ಕೂರುತ್ತೇನೆ ಎಂದು ದಬಾಯಿಸಿದೆ, ಒಪ್ಪಿಕೊಂಡ. ತಿದ್ದುಪಡಿ ಪತ್ರದಲ್ಲಿ ಪಟ್ಟಿ ಜೋಡಿಸಿದವಳದೇ ತಪ್ಪು ಎಂದು ನನ್ನ ಹೆಸರನ್ನೂ ಟೈಪ್ ಮಾಡಿದೆ. ಆಮೇಲೆ ಅಂಗಡಿ ಬಾಗಿಲು ಎಳೆದುಕೊಂಡು ಮೆಟ್ಟಿಲು ಹತ್ತಿದೆ. ಮಾಮ ನನ್ನ ಹಿಂದೆ ಎರಡು ಮೆಟ್ಟಿಲು ಕೆಳಗೇ ನಿಂತರು.

ಅತ್ತೆ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಾ ಪೂರ್ತಿ ಕೇಳಿಸಿಕೊಂಡರು. ಸಂಖ್ಯೆಗಳ ಗೋಜಲು ಅವರಿಗೆ ಎಷ್ಟು ತಿಳಿಯಿತೋ ನನಗೆ ಗೊತ್ತಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಒರೆಸಿದ ಪಾತ್ರೆಯನ್ನೇ ಇನ್ನೊಮ್ಮೆ ಒರೆಸಿದರು.

“ಮಗೂಗೆ ಅವತ್ತು ನೂರಾನಾಲ್ಕು ಜ್ವರ,” ಎಂದರು, ಬಾಗಿಲಾಚೆ ನಿಂತವರಿಗೂ ಕೇಳಿಸುವಷ್ಟು ದನಿಯಲ್ಲಿ. “ನಾನು ಇನ್ಯಾರನ್ನ ಕರೀಬೇಕಿತ್ತು?”

ಅತ್ತೆ ಪಾತ್ರೆ ಕೆಳಗಿಟ್ಟು ಕೇಳಿದರು:

“ಹಾಗಾದ್ರೆ ಆ ಇಟ್ಟಿಗೆ ಒಣಗಿದ್ವಾ?”

“ಒಣಗಿದ್ವು ಅತ್ತೆ,” ಎಂದೆ.